ಮನೆಯ ಕಾಣದ ಹೆಬ್ಬಾಗಿಲು

ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲನ್ನು ತೆರೆದಿಡುವುದು, ರಾತ್ರಿ ಮಲಗುವ ಮುನ್ನ ಅದೇ ಬಾಗಿಲಿಗೆ ಚಿಲಕ ಹಾಕಿ, ಹಿತ್ತಿಲ ಬಾಗಿಲಿನ ಅಗುಳಿಯನ್ನೂ ಒಮ್ಮೆ ಮುಟ್ಟಿ ನೋಡಿ ಬರುವುದು ನಮ್ಮ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದುಬಂದ ರೂಢಿ. ಹಾಗೆ ಚಿಲಕ ಹಾಕುವುದು ಊರವರ ಮೇಲಿನ ಅಪನಂಬಿಕೆಯಿಂದಲ್ಲ. ಒಳಗೆ ನಿಶ್ಚಿಂತೆಯಿಂದ ಮಲಗಿರುವ ಮಕ್ಕಳು ಹಾಗೂ ವೃದ್ಧರ ಬಗೆಗಿನ ಹೊಣೆಗಾರಿಕೆಯಿಂದ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಮನೆಗಳಿಗೆ ಮೂರನೆಯದೊಂದು ಬಾಗಿಲು ಬಂದು ಸೇರಿಕೊಂಡಿದೆ. ಅದು ಹಗಲಿರುಳೂ ತೆರೆದೇ ಇರುತ್ತದೆ. ಅದರಾಚೆಗೆ ಇರುವುದು ನಮ್ಮ ಬೀದಿಯಲ್ಲ, ಇಡೀ ಜಗತ್ತು. ಗೋಡೆಯ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತ ಕುಳಿತಿರುವ, ನಾವೆಲ್ಲ ‘ವೈಫೈ ಡಬ್ಬಿ’ ಎಂದು ಕರೆಯುವ ರೂಟರ್ ಎಂಬ ಯಂತ್ರವೇ ಆ ಬಾಗಿಲು. ಅದಕ್ಕೆ ಚಿಲಕ ಹಾಕಿದೆಯೇ ಎಂದು ಮನೆಯ ಹಿರಿಯರನ್ನು ಕೇಳಿದರೆ, ‘ಅದೆಲ್ಲ ಹುಡುಗರಿಗೆ ಗೊತ್ತು’ ಎಂಬುದೇ ಸಾಮಾನ್ಯವಾದ ಉತ್ತರ.

ನಾವೂ ಅದೇ ಉತ್ತರವನ್ನು ಹೇಳುತ್ತಿದ್ದವರೇ. ಅರಸೀಕೆರೆಯ ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ಮಗಳ ಕಾಲೇಜಿನ ಶುಲ್ಕ ಕಟ್ಟಲೆಂದು ಗಣಕಯಂತ್ರದಲ್ಲಿ ಬ್ಯಾಂಕಿನ ಪುಟವನ್ನು ತೆರೆದಾಗ, ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿತು. ಕಟ್ಟಲು ಅಂದೇ ಕಡೆಯ ದಿನವಾದ್ದರಿಂದ ನಾವು ಅದನ್ನು ಲೆಕ್ಕಿಸದೆ ಮುಂದುವರಿಯಲು ಹೊರಟಿದ್ದೆವು. ನಮ್ಮ ಮನೆಯವರು ತಡೆದರು. ‘ಎಂದೂ ಇಲ್ಲದ್ದು ಇಂದು ಯಾಕೆ ಬಂತು, ಮೊದಲು ಅದನ್ನು ನೋಡಿ’ ಎಂದರು. ವೈಫೈಯನ್ನು ಬಿಟ್ಟು ಮೊಬೈಲಿನ ಸ್ವಂತ ಸಂಪರ್ಕದಿಂದ ಅದೇ ಪುಟವನ್ನು ತೆರೆದಾಗ ಎಚ್ಚರಿಕೆಯೇ ಇರಲಿಲ್ಲ. ಅಂದರೆ ದೋಷವಿದ್ದುದು ಬ್ಯಾಂಕಿನಲ್ಲಲ್ಲ, ನಮ್ಮ ಮನೆಯ ಡಬ್ಬಿಯಲ್ಲಿ. ಸಂಪರ್ಕ ಕೊಟ್ಟವರ ಕಡೆಯ ಹುಡುಗ ಬಂದು, ಕಾರ್ಖಾನೆಯಿಂದಲೇ ಬಂದಿದ್ದ ‘ಅಡ್ಮಿನ್’ ಎಂಬ ಹೆಸರನ್ನೂ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನೂ ಒತ್ತಿ ಅರ್ಧ ನಿಮಿಷದಲ್ಲಿ ಅದರ ಒಳಪುಟವನ್ನು ತೆರೆದ. ಜಾಲತಾಣಗಳ ದಾರಿ ತೋರಿಸುವ ಅಂಕಿಗಳನ್ನು ಯಾರೋ ಬದಲಿಸಿದ್ದರು. ಅವನಿಗೆ ಅರ್ಧ ನಿಮಿಷ ಸಾಕಾದ ಆ ಬಾಗಿಲನ್ನು ತೆರೆಯಲು ಕಳ್ಳನಿಗೂ ಅಷ್ಟೇ ಸಾಕಾಗಿತ್ತು. ಸಂಪರ್ಕ ಕೊಟ್ಟು ಹೋದವರು ಅದನ್ನು ಬದಲಿಸಿರಲಿಲ್ಲ, ಬದಲಿಸಿಕೊಡಿರೆಂದು ನಾವೂ ಕೇಳಿರಲಿಲ್ಲ. ಮನೆಯವರು ತಡೆಯದೇ ಹೋಗಿದ್ದರೆ ಒಂದು ವರ್ಷದ ಶುಲ್ಕ ಯಾರ ಪಾಲಾಗುತ್ತಿತ್ತೋ ಶಿವನೇ ಬಲ್ಲ.

ಓದುಗ ಬಂಧುಗಳಲ್ಲಿ ಯಾರಿಗೂ ಇಂಥ ಆತಂಕ ಒದಗಬಾರದೆಂಬುದೇ ಈ ಲೇಖನದ ಉದ್ದೇಶ.

ಒಂದು ಡಬ್ಬಿ, ಎರಡು ಬೀಗ

ರೂಟರ್ ಎಂದರೇನೆಂಬುದನ್ನು ನಮ್ಮ ಕಡೆಯವರಿಗೆ ವಿವರಿಸುವುದು ಕಷ್ಟವಲ್ಲ. ಅರಸೀಕೆರೆ ಜಂಕ್ಷನ್ ಇದ್ದ ಹಾಗೆ ಎಂದರಾಯಿತು. ಬಂದ ಗಾಡಿಗಳಲ್ಲಿ ಕೆಲವು ಹುಬ್ಬಳ್ಳಿಯ ಕಡೆಗೂ ಕೆಲವು ಹಾಸನದ ಕಡೆಗೂ ಇಲ್ಲಿಂದ ಹೇಗೆ ಕವಲೊಡೆದು ಹೋಗುತ್ತವೆಯೋ, ಹಾಗೆಯೇ ಹೊರಗಿನಿಂದ ಒಂದೇ ತಂತಿಯಲ್ಲಿ ಬರುವ ಅಂತರ್ಜಾಲವನ್ನು ಮನೆಯೊಳಗಿನ ಮೊಬೈಲು, ಗಣಕಯಂತ್ರ, ಟಿ.ವಿ., ಕ್ಯಾಮೆರಾಗಳಿಗೆ ಹಂಚಿ ಕಳುಹಿಸುವ ಕೂಡುನಿಲ್ದಾಣ ಅದು. ನಿಲ್ದಾಣದ ಮಾರ್ಗಸೂಚಿಯನ್ನೇ ಯಾರಾದರೂ ತಿರುಗಿಸಿಟ್ಟರೆ ಹಾಸನಕ್ಕೆ ಹೊರಟವರು ಬೇರೆ ಗಾಡಿ ಹತ್ತಿ ಕುಳಿತಾರು. ನಮ್ಮ ಮನೆಯಲ್ಲಿ ನಡೆದದ್ದು ಇದೇ. ತಾಣದ ಹೆಸರನ್ನು ಕೇಳಿ ಅದರ ನಿಜವಾದ ವಿಳಾಸವನ್ನು ತಿಳಿಸುವ ಈ ವ್ಯವಸ್ಥೆಗೆ ಡಿ.ಎನ್.ಎಸ್. ಎಂದು ಹೆಸರು. ಅದನ್ನು ಕೆಡಿಸಿದವರು ಬ್ಯಾಂಕಿನ ಹೆಸರನ್ನು ಒತ್ತಿದವರನ್ನು ಬ್ಯಾಂಕಿನಂತೆಯೇ ಕಾಣುವ ಸುಳ್ಳು ಪುಟಕ್ಕೆ ಒಯ್ಯಬಲ್ಲರು.

ಈ ಡಬ್ಬಿಗೆ ಒಂದಲ್ಲ, ಎರಡು ಬೀಗಗಳಿವೆ ಎಂಬುದು ಬಹುಮಂದಿಗೆ ತಿಳಿದಿಲ್ಲ. ಮೊದಲನೆಯದು ವೈಫೈಯ ಪಾಸ್‌ವರ್ಡ್. ನೆಂಟರು ಬಂದೊಡನೆ ಕೇಳುವುದು ಇದನ್ನೇ. ಇದು ನಮ್ಮ ಮನೆಯ ಸುತ್ತಮುತ್ತ, ಅಲೆ ತಲುಪುವಷ್ಟು ದೂರದಲ್ಲಿರುವವರನ್ನು ತಡೆಯುತ್ತದೆ. ಎರಡನೆಯದು ಡಬ್ಬಿಯ ಆಡಳಿತದ ಪಾಸ್‌ವರ್ಡ್. ಯಾರನ್ನು ಒಳಬಿಡಬೇಕು, ಯಾವ ದಾರಿಯನ್ನು ಮುಚ್ಚಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಇದು. ಮೊದಲನೆಯದು ಬಾಗಿಲ ಕೀಲಿ, ಎರಡನೆಯದು ಬೀಗವನ್ನೇ ಬದಲಿಸಬಲ್ಲ ಅಧಿಕಾರ. ಮೊದಲನೆಯದನ್ನು ಬಿಗಿಯಾಗಿಟ್ಟು ಎರಡನೆಯದನ್ನು ಕಾರ್ಖಾನೆಯಿಂದ ಬಂದಂತೆಯೇ ಬಿಟ್ಟಿರುವ ಮನೆಗಳು ಬಹಳ. ಮುಂಬಾಗಿಲಿಗೆ ದಪ್ಪ ಬೀಗ ಜಡಿದು, ಹಿತ್ತಿಲ ಬಾಗಿಲಿನ ಕೀಲಿಯನ್ನು ಅಲ್ಲೇ ನೇತುಹಾಕಿದಂತೆ.

ಕರ್ನಾಟಕ ಕಂಡ ಪಾಠ

ಇದೆಲ್ಲ ಅಮೆರಿಕದಂಥ ದೂರದೇಶಗಳ ಮಾತು, ನಮ್ಮಂಥ ಸಣ್ಣ ಊರಿನವರ ಮನೆಯನ್ನು ಯಾರು ಹುಡುಕಿಕೊಂಡು ಬಂದಾರು ಎಂದು ಭಾವಿಸುವವರು 2017ರ ಜುಲೈ ತಿಂಗಳ ಕೊನೆಯ ವಾರವನ್ನು ನೆನಪಿಸಿಕೊಳ್ಳಬೇಕು. ಆಗ ಕರ್ನಾಟಕದಲ್ಲಿ ಭಾರತ ಸಂಚಾರ ನಿಗಮದ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮುಗಳು ಇದ್ದಕ್ಕಿದ್ದಂತೆ ಸ್ತಬ್ಧವಾದವು. ಎಷ್ಟು ಬಾರಿ ಸ್ವಿಚ್ಚನ್ನು ಆರಿಸಿ ಹಾಕಿದರೂ ಸಂಪರ್ಕ ಮರಳಲಿಲ್ಲ. ನಿಗಮದ ಮುಖ್ಯ ಜಾಲಕ್ಕೆ ಧಕ್ಕೆಯಾಗಿರಲಿಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಹಾಗೆಯೇ ಉಳಿಸಿಕೊಂಡಿದ್ದ ಮೋಡೆಮುಗಳನ್ನು ದುಷ್ಟ ತಂತ್ರಾಂಶವೊಂದು ಹೊಕ್ಕು ಕೆಡಿಸಿತ್ತು. ಗ್ರಾಹಕರು ತಮ್ಮ ಪಾಸ್‌ವರ್ಡುಗಳನ್ನು ಕೂಡಲೇ ಬದಲಿಸಿಕೊಳ್ಳಬೇಕೆಂದು ನಿಗಮವು ಪ್ರಕಟಣೆ ಹೊರಡಿಸಬೇಕಾಯಿತು. ದೇಶದಲ್ಲಿ 60,000ಕ್ಕೂ ಹೆಚ್ಚು ಮೋಡೆಮುಗಳು ಈ ದಾಳಿಗೆ ತುತ್ತಾದವೆಂದು ಆಗ ವರದಿಯಾಯಿತು.

ಆ ತಂತ್ರಾಂಶದ ಹೆಸರು ಬ್ರಿಕರ್‌ಬಾಟ್. ಒಳಹೊಕ್ಕ ಯಂತ್ರವನ್ನು ಇಟ್ಟಿಗೆಯಷ್ಟೇ ನಿರುಪಯೋಗಿಯಾಗಿ ಮಾಡುವುದೇ ಅದರ ಕೆಲಸವಾದ್ದರಿಂದ ಆ ಹೆಸರು. ಅದೇ ವರ್ಷ ಅದು ಮೊದಲು ಬೆಳಕಿಗೆ ಬಂದಿತ್ತು. ದಾಳಿಯನ್ನು ನಡೆಸಿದವನು ತಾನೆಂದು ಹೇಳಿಕೊಂಡ ಅನಾಮಧೇಯನೊಬ್ಬ, ಬೀಗವಿಲ್ಲದ ಯಂತ್ರಗಳು ಇನ್ನೂ ದೊಡ್ಡ ದುಷ್ಟರ ಕೈಸೇರುವ ಮೊದಲೇ ಅವನ್ನು ಹಾಳುಗೆಡವುವುದು ತನ್ನ ಗುರಿಯೆಂದು ಸಾರಿದ. ಬಾಗಿಲು ಹಾಕದ ಮನೆಗೆ ಕಳ್ಳ ಬಂದಾನೆಂದು ಮನೆಗೇ ಬೆಂಕಿಯಿಟ್ಟಂಥ ಈ ನ್ಯಾಯವನ್ನು ಯಾರೂ ಒಪ್ಪಲಾರರು. ಆದರೆ ಆತನ ಮಾತಿನಲ್ಲಿದ್ದ ‘ಇನ್ನೂ ದೊಡ್ಡ ದುಷ್ಟರು’ ಮಾತ್ರ ಕಲ್ಪನೆಯಾಗಿರಲಿಲ್ಲ.

ಅದಕ್ಕೂ ಮುಂಚಿನ ವರ್ಷ, ಅಂದರೆ 2016ರಲ್ಲಿ, ಮಿರಾಯ್ ಎಂಬ ತಂತ್ರಾಂಶ ಜಗತ್ತಿನ ಲಕ್ಷಾಂತರ ಮನೆಗಳ ರೂಟರುಗಳನ್ನೂ ಕ್ಯಾಮೆರಾಗಳನ್ನೂ ವಶಪಡಿಸಿಕೊಂಡಿತ್ತು. ಅದರ ಬಳಿಯಿದ್ದ ಆಯುಧವಾದರೂ ಎಂಥದು? ಕಾರ್ಖಾನೆಗಳು ಸಾಮಾನ್ಯವಾಗಿ ಇಡುವ ಅರವತ್ತು ಚಿಲ್ಲರೆ ಹೆಸರು ಮತ್ತು ಪಾಸ್‌ವರ್ಡುಗಳ ಒಂದು ಪಟ್ಟಿ, ಅಷ್ಟೆ. ಅವನ್ನು ಒಂದೊಂದಾಗಿ ಪ್ರಯೋಗಿಸಿ ತೆರೆದುಕೊಂಡ ಬಾಗಿಲನ್ನೆಲ್ಲ ಅದು ಹೊಕ್ಕಿತು. ಹಾಗೆ ವಶವಾದ ಯಂತ್ರಗಳು ಆ ವರ್ಷದ ಅಕ್ಟೋಬರ್ 21ರಂದು ಏಕಕಾಲಕ್ಕೆ ಡೈನ್ ಎಂಬ ಸಂಸ್ಥೆಯ ಮೇಲೆ ಎರಗಿದಾಗ, ಅಮೆರಿಕದ ಹಲವು ಪ್ರಮುಖ ಜಾಲತಾಣಗಳು ಗಂಟೆಗಟ್ಟಲೆ ತೆರೆಯದೇ ಹೋದವು. ಮಿರಾಯ್‌ಯನ್ನು ರೂಪಿಸಿದವರೆಂದು 2017ರ ಡಿಸೆಂಬರ್‌ನಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡವರು ಮೂವರು ತರುಣರು.

ನಮ್ಮನ್ನೇ ಏಕೆ?

‘ನಮ್ಮ ಮನೆಯಲ್ಲಿ ಕದಿಯುವಂಥದ್ದು ಏನಿದೆ?’ ಎಂಬುದು ಸಹಜವಾದ ಪ್ರಶ್ನೆ. ಈ ಕಳ್ಳನು ಮನೆಯನ್ನು ಆರಿಸಿಕೊಂಡು ಬರುವವನಲ್ಲ. ಅಂತರ್ಜಾಲದ ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅಷ್ಟೂ ವಿಳಾಸಗಳ ಒಂದೊಂದು ಬಾಗಿಲನ್ನು ಒಂದೇ ಗಣಕಯಂತ್ರದಿಂದ ಮುಕ್ಕಾಲು ಗಂಟೆಯೊಳಗೆ ತಟ್ಟಿ ನೋಡಬಹುದೆಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಹೀಗಿರುವಾಗ ಅರಸೀಕೆರೆಯ ಹಟ್ಟಿಯೂ ಒಂದೇ, ಅಮೆರಿಕದ ಮಹಡಿಯೂ ಒಂದೇ. ಮನೆಯೊಡೆಯನು ಬಡವನೋ ಬಲ್ಲಿದನೋ ಎಂದು ಕೇಳದೆ, ತಳ್ಳಿದರೆ ಬಾಗಿಲು ತೆರೆಯುವುದೇ ಎಂಬುದೊಂದನ್ನೇ ಯಂತ್ರವು ನೋಡುತ್ತದೆ.

ಹಾಗೆ ಒಳಹೊಕ್ಕವನು ನಮ್ಮ ಮನೆಯಿಂದ ಏನನ್ನೂ ಒಯ್ಯದೇ ಇರಬಹುದು. ನಮ್ಮ ಮನೆಯನ್ನು ಮರೆಮಾಡಿಕೊಂಡು ಇನ್ನೊಬ್ಬರ ಮೇಲೆ ಕಲ್ಲೆಸೆಯಬಹುದು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸಿಡಿದಾಗ, ಅದರ ಹೊಣೆಯನ್ನು ಹೊತ್ತು ಬಂದ ಮಿಂಚಂಚೆಯ ಜಾಡನ್ನು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ವಿದೇಶೀಯರೊಬ್ಬರ ಮನೆಗೆ. ಭದ್ರತೆಯಿಲ್ಲದ ಅವರ ವೈಫೈಯನ್ನು ದುಷ್ಕರ್ಮಿಗಳು ಬಳಸಿಕೊಂಡಿದ್ದರು. ಆ ಗೃಹಸ್ಥರು ತನಿಖೆ, ವಿಚಾರಣೆಗಳನ್ನೆಲ್ಲ ಎದುರಿಸಬೇಕಾಯಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ತನಿಖಾ ಸಂಸ್ಥೆಯಾದ ಎಫ್.ಬಿ.ಐ., ತಯಾರಕರು ಆರೈಕೆ ನಿಲ್ಲಿಸಿರುವ ಹಳೆಯ ರೂಟರುಗಳನ್ನು ವಶಪಡಿಸಿಕೊಂಡು, ಅವುಗಳ ಮೂಲಕ ಸಾಗುವ ಮಾರ್ಗವನ್ನು ಅಪರಾಧಿಗಳಿಗೆ ಬಾಡಿಗೆಗೆ ಕೊಡುವ ದಂಧೆಯ ಬಗ್ಗೆ ಸಾರ್ವಜನಿಕರನ್ನು ಎಚ್ಚರಿಸಿತು. ಅಂದರೆ ಅನ್ಯರು ಮಾಡಿದ ಅಪರಾಧಕ್ಕೆ ವಿಳಾಸ ಮಾತ್ರ ನಮ್ಮ ಮನೆಯದು!

ಈ ಮಾತನ್ನು ಗಮನವಿಟ್ಟು ಯೋಚಿಸಬೇಕಾಗಿದೆ. ನಮ್ಮ ನಷ್ಟವನ್ನು ನಾವು ಸಹಿಸಿಕೊಂಡೇವು. ನಮ್ಮ ಅಲಕ್ಷ್ಯದಿಂದ ಅನ್ಯರಿಗೆ ಕೇಡಾದರೆ ಅದನ್ನು ಯಾವ ಲೆಕ್ಕಕ್ಕೆ ಬರೆದುಕೊಳ್ಳೋಣ?

ಮೂರು ಊರು, ಮೂರು ಮನೆ

ನಮ್ಮ ಮನೆಯ ಪ್ರಸಂಗವಾದ ಕೆಲವು ದಿನಗಳಲ್ಲೇ ಬಂಧುಗಳ ಲಗ್ನಪತ್ರಿಕೆ ಹಂಚುವ ಸಲುವಾಗಿ ಅರಸೀಕೆರೆ, ಹಳೇಬೀಡು, ಬೇಲೂರುಗಳ ಮನೆಗಳಿಗೆ ಹೋಗುವ ಸಂದರ್ಭ ಒದಗಿತು. ಎಲೆ ಅಡಿಕೆ, ಕುಂಕುಮಗಳೊಡನೆ ಪತ್ರಿಕೆಯನ್ನು ಕೊಟ್ಟು ಕುಳಿತಾಗ ನಮ್ಮ ಕಣ್ಣು ತಾನಾಗಿ ಗೋಡೆಯ ಮೂಲೆಯನ್ನು ಅರಸುತ್ತಿತ್ತು. ಅಲ್ಲಿ ಕಂಡ ಮೂರು ಸಂಗತಿಗಳನ್ನು ಹೆಸರು ಹೇಳದೆ ಇಲ್ಲಿ ನಿವೇದಿಸುತ್ತೇವೆ.

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರದ ಹಿರಿಯರೊಬ್ಬರ ಮನೆ. ಮಾರುಕಟ್ಟೆಯ ಧಾರಣೆಯನ್ನು ನೋಡುವುದು, ರೈತರ ಖಾತೆಗೆ ಹಣ ಹಾಕುವುದು, ತೆರಿಗೆಯ ಲೆಕ್ಕವನ್ನು ಒಪ್ಪಿಸುವುದು ಎಲ್ಲವೂ ಮನೆಯ ವೈಫೈಯಿಂದಲೇ. ವೈಫೈ ಪಾಸ್‌ವರ್ಡ್ ಏನೆಂದು ಕೇಳಿದರೆ ಮೊಮ್ಮಗನ ಹೆಸರು, ಅದರ ಮುಂದೆ ಒಂದು ಎರಡು ಮೂರು. ಆಡಳಿತದ ಪಾಸ್‌ವರ್ಡ್ ಎಂಬುದೊಂದು ಇದೆಯೆಂದೇ ಅವರು ಅರಿಯರು. ಲಕ್ಷಾಂತರ ರೂಪಾಯಿಯ ಕೊಬ್ಬರಿ ತುಂಬಿದ ಗೋದಾಮಿಗೆ ಎರಡು ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುವ ಅವರು, ಅದೇ ಕೊಬ್ಬರಿಯ ಹಣ ಓಡಾಡುವ ದಾರಿಯನ್ನು ಬಯಲಾಗಿ ಬಿಟ್ಟಿದ್ದರು. ವಿಷಯವನ್ನು ತಿಳಿಸಿದೊಡನೆ, ‘ಅಯ್ಯೋ, ಇದು ನಮ್ಮ ಕೆಲಸವೇ ಅಲ್ಲವೇ!’ ಎಂದು ಅಂದೇ ಸಂಪರ್ಕದವರನ್ನು ಕರೆಸಿದರು.

ಹಳೇಬೀಡಿನಲ್ಲಿ, ಪುಷ್ಪಗಿರಿಗೆ ಹೋಗುವ ದಾರಿಯಲ್ಲಿ ಕೃಷಿಕ ಕುಟುಂಬವೊಂದರ ಮನೆ. ಮನೆಯವರೆಲ್ಲ ತೋಟಕ್ಕೋ ಜಾತ್ರೆಗೋ ಹೋದಾಗ ನೋಡಿಕೊಳ್ಳಲೆಂದು ಅಂಗಳಕ್ಕೆ ಕ್ಯಾಮೆರಾ ಹಾಕಿಸಿದ್ದರು. ದೂರದಿಂದ ಮೊಬೈಲಿನಲ್ಲಿ ಅಂಗಳವನ್ನು ನೋಡುವ ಅನುಕೂಲಕ್ಕಾಗಿ ಕ್ಯಾಮೆರಾದವರು ರೂಟರಿನಲ್ಲಿ ಹೊರಗಿನಿಂದ ಒಂದು ದಾರಿಯನ್ನು ತೆರೆದಿಟ್ಟು, ಕ್ಯಾಮೆರಾದ ಪಾಸ್‌ವರ್ಡನ್ನು ಮಾತ್ರ ಕಾರ್ಖಾನೆಯದನ್ನೇ ಉಳಿಸಿಹೋಗಿದ್ದರು. ಮನೆಯನ್ನು ಕಾಯಲು ಇಟ್ಟ ಕಣ್ಣೇ ಕಂಡವರ ಕಣ್ಣಾಗುವುದೆಂದರೆ ಇದು. ಆ ಊರಿನ ಚರಿತ್ರೆಯನ್ನು ಬಲ್ಲವರಿಗೆ ಇನ್ನೊಂದು ಸಂಗತಿ ನೆನಪಾದೀತು. 1311ರಲ್ಲಿ ದೆಹಲಿಯ ಸೇನಾನಿ ಮಲಿಕ್ ಕಾಫರನು ದೋರಸಮುದ್ರದ ಮೇಲೆ ಏರಿ ಬಂದಾಗ ಮೂರನೆಯ ವೀರಬಲ್ಲಾಳನು ರಾಜಧಾನಿಯಲ್ಲಿರಲಿಲ್ಲ. ದಕ್ಷಿಣದ ಪಾಂಡ್ಯನಾಡಿನ ಕಡೆಗೆ ದಂಡೆತ್ತಿ ಹೋಗಿದ್ದನು. ಬಲವಾದ ಕೋಟೆಯಿದ್ದೂ ಬೊಕ್ಕಸದ ಸಂಪತ್ತನ್ನು ಒಪ್ಪಿಸಬೇಕಾಯಿತು. ಒಡೆಯನ ಗಮನ ಬೇರೆಡೆ ಇದ್ದ ಹೊತ್ತೇ ದಾಳಿಗೆ ಅನುಕೂಲವಾದ ಹೊತ್ತು. ಈ ಮನೆಯವರಿಗೆ ನಾವು ಹೇಳಿದ್ದು ಇಷ್ಟೇ: ಕ್ಯಾಮೆರಾಕ್ಕೂ ಹೊಸ ಪಾಸ್‌ವರ್ಡ್ ಇಡಿಸಿ, ಹೊರಗಿನಿಂದ ತೆರೆದ ಆ ದಾರಿಯನ್ನು ಮುಚ್ಚಿಸಿ, ಕ್ಯಾಮೆರಾ ತಯಾರಿಸಿದವರ ಅಧಿಕೃತ ಆ್ಯಪ್‌ನಿಂದ ಮಾತ್ರ ನೋಡಿಕೊಳ್ಳಿ.

ಬೇಲೂರಿನಲ್ಲಿ ಪ್ರವಾಸಿಗರಿಗೆ ತಮ್ಮ ಮನೆಯ ಎರಡು ಕೊಠಡಿಗಳನ್ನು ಬಾಡಿಗೆಗೆ ಕೊಡುವ ಕುಟುಂಬ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು; ದೂರದೂರದ ಪ್ರವಾಸಿಗರು ಬಂದು ತಂಗುವ ಊರು ಅದು. ಪಡಸಾಲೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ವೈಫೈ ಪಾಸ್‌ವರ್ಡ್ ಬರೆದು ಅಂಟಿಸಿದ್ದರು. ಮನೆಯ ಯಜಮಾನರು ಬ್ಯಾಂಕಿನ ವ್ಯವಹಾರ ನಡೆಸುವುದೂ ಅದೇ ಜಾಲದಲ್ಲಿ, ಮಕ್ಕಳು ಓದುವುದೂ ಅದೇ ಜಾಲದಲ್ಲಿ, ನೆನ್ನೆ ಬಂದು ಇಂದು ಹೋಗುವ ಅಪರಿಚಿತರು ಕೂಡುವುದೂ ಅದೇ ಜಾಲದಲ್ಲಿ. ‘ಬಂದವರಿಗೆ ಇಲ್ಲವೆನ್ನಲಾಗುತ್ತದೆಯೇ?’ ಎಂದು ಅವರು ಕೇಳಿದರು. ಇಲ್ಲವೆನ್ನಬೇಕಾಗಿಲ್ಲ. ಈಗಿನ ಬಹುತೇಕ ರೂಟರುಗಳಲ್ಲಿ ಅತಿಥಿಗಳಿಗೆಂದೇ ಬೇರೊಂದು ಜಾಲವನ್ನು ಏರ್ಪಡಿಸುವ ಅನುಕೂಲವಿದೆ. ಅದರ ಮೂಲಕ ಅವರು ಅಂತರ್ಜಾಲಕ್ಕೆ ಹೋಗಬಲ್ಲರು, ನಮ್ಮ ಮನೆಯ ಯಂತ್ರಗಳ ಬಳಿಗೆ ಬರಲಾರರು. ಚೆನ್ನಕೇಶವ ದೇವಾಲಯದ ನವರಂಗವು 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ನೆರವೇರಿಸಿದ ಕಾಲಕ್ಕೆ ತೆರೆದ ಮಂಟಪವಾಗಿತ್ತು. ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅದಕ್ಕೆ ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದರು. ಬೆಳಕು ಬರುತ್ತದೆ, ಗಾಳಿ ಬರುತ್ತದೆ; ಬರಬಾರದ್ದು ಬಾರದು. ಅತಿಥಿಜಾಲವೂ ಅಂಥದೇ ಜಾಲಂಧ್ರ ಎಂದಾಗ ಅವರ ಮುಖದಲ್ಲಿ ಸಮಾಧಾನ ಮೂಡಿತು.

ಒಂದು ಸಂಜೆಯ ಕೆಲಸ

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಇದಕ್ಕೆ ಹಣದ ಖರ್ಚಿಲ್ಲ, ಒಂದು ಸಂಜೆಯ ಬಿಡುವು ಸಾಕು.

ಮೊದಲನೆಯದಾಗಿ, ಡಬ್ಬಿಯನ್ನು ತಿರುಗಿಸಿ ನೋಡಿರಿ. ಅದರ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ 192.168.1.1 ಅಥವಾ 192.168.0.1 ಎಂಬಂಥ ಅಂಕಿಗಳೂ ಹೆಸರು, ಪಾಸ್‌ವರ್ಡುಗಳೂ ಇರುತ್ತವೆ. ಮನೆಯ ವೈಫೈಗೆ ಸೇರಿಕೊಂಡು ಆ ಅಂಕಿಗಳನ್ನು ಜಾಲತಾಣದ ಹೆಸರಿನ ಜಾಗದಲ್ಲಿ ಒತ್ತಿದರೆ ಆಡಳಿತದ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಮಾಡಬೇಕಾದ ಮೊದಲ ಕೆಲಸವೇ ಆಡಳಿತದ ಪಾಸ್‌ವರ್ಡನ್ನು ಬದಲಿಸುವುದು. ಕೆಲವು ಸಂಪರ್ಕಗಳಲ್ಲಿ ಈ ಪುಟವು ಕಂಪನಿಯವರ ಕೈಯಲ್ಲೇ ಇರುತ್ತದೆ. ಅಂಥಲ್ಲಿ ಅವರ ಕಡೆಯವರನ್ನು ಕರೆಸಿ, ನಮ್ಮೆದುರಿಗೇ ಬದಲಿಸಿಕೊಡುವಂತೆ ಕೇಳಬೇಕು. ಕೇಳುವುದು ಗ್ರಾಹಕರ ಹಕ್ಕು, ಸಂಕೋಚ ಬೇಡ.

ಪಾಸ್‌ವರ್ಡ್ ಎಂಥದಿರಬೇಕು? ಮಕ್ಕಳ ಹೆಸರು, ಹುಟ್ಟಿದ ದಿನ, ಫೋನ್ ನಂಬರು ಬೇಡ. ಭಕ್ತಿಯಿಂದಲೇ ಆದರೂ ಮನೆದೇವರ ಹೆಸರೋ ಪಂಚಾಕ್ಷರಿಯೋ ಬೇಡ. ನಾಮಸ್ಮರಣೆಗೆ ಅವು ಶ್ರೇಷ್ಠ, ಗುಟ್ಟು ಕಾಯಲು ಸಲ್ಲವು, ಏಕೆಂದರೆ ಎಲ್ಲರೂ ಬಲ್ಲ ಹೆಸರನ್ನು ಕಳ್ಳನೂ ಬಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು, ಬಾವಿ, ರೈಲು, ಹಣತೆ, ಹುಣಸೆ ಎಂಬಂತೆ, ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಿಗೆ ಬರೆದು ನಡುವೆ ಅಂಕಿಯೊಂದನ್ನು ಸೇರಿಸಿದರೆ ನೆನಪಿಗೂ ಸುಲಭ, ಊಹೆಗೂ ಕಷ್ಟ. ಇಲ್ಲಿ ಅಚ್ಚಾದ ಪದಗಳನ್ನೇ ಬಳಸದೆ ನಿಮ್ಮವನ್ನು ನೀವೇ ಆರಿಸಿಕೊಳ್ಳಿರಿ. ವೈಫೈಗೂ ಆಡಳಿತಕ್ಕೂ ಒಂದೇ ಪಾಸ್‌ವರ್ಡ್ ಇರಕೂಡದು. ಎರಡನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದು ಪೆಟ್ಟಿಗೆಯಲ್ಲಿಡುವುದರಿಂದ ದೋಷವಿಲ್ಲ. ದೂರದೇಶದ ಕಳ್ಳ ನಮ್ಮ ಪೆಟ್ಟಿಗೆಯನ್ನು ತೆರೆಯಲಾರ. ಗೋಡೆಯ ಮೇಲೆ ಮಾತ್ರ ಬರೆಯಬಾರದು.

ಎರಡನೆಯದಾಗಿ, ಅದೇ ಪುಟದಲ್ಲಿ ವೈಫೈ ಭದ್ರತೆಯನ್ನು ಡಬ್ಲ್ಯೂ.ಪಿ.ಎ. 2 ಅಥವಾ ಡಬ್ಲ್ಯೂ.ಪಿ.ಎ. 3 ಎಂಬುದಕ್ಕೆ ಇಡಬೇಕು. ಡಬ್ಲ್ಯೂ.ಇ.ಪಿ. ಎಂಬುದು ಎಂದೋ ಮುರಿದುಹೋದ ಬೀಗ. ಗುಂಡಿ ಒತ್ತಿ ಅಥವಾ ಎಂಟಂಕಿಯ ಸಂಖ್ಯೆ ಕೊಟ್ಟು ಸುಲಭವಾಗಿ ಜಾಲಕ್ಕೆ ಸೇರಿಸುವ ಡಬ್ಲ್ಯೂ.ಪಿ.ಎಸ್. ಎಂಬ ಅನುಕೂಲದಲ್ಲಿ 2011ರಲ್ಲಿಯೇ ದೋಷ ಬಯಲಾಗಿದೆ. ಅದನ್ನು ಆರಿಸಿಡುವುದು ಲೇಸು.

ಮೂರನೆಯದಾಗಿ, ಹೊರಗಿನಿಂದ ಡಬ್ಬಿಯನ್ನು ಆಳುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಎಂಬುದನ್ನೂ, ಮನೆಯೊಳಗಿನ ಯಂತ್ರಗಳು ನಮ್ಮನ್ನು ಕೇಳದೆಯೇ ಹೊರಗೆ ದಾರಿ ತೆರೆದುಕೊಳ್ಳಲು ಬಿಡುವ ‘ಯು.ಪಿ.ಎನ್.ಪಿ.’ ಎಂಬುದನ್ನೂ ಮುಚ್ಚಿಸಬೇಕು. ನಿರ್ವಹಣೆಗಾಗಿ ಬಿಟ್ಟ ಇಂಥ ದಾರಿ ಹೊರಜಗತ್ತಿಗೂ ತೆರೆದುಕೊಂಡಿದ್ದುದು 2017ರ ಅನಾಹುತಕ್ಕೆ ಕಾರಣಗಳಲ್ಲಿ ಒಂದು.

ನಾಲ್ಕನೆಯದಾಗಿ, ಡಬ್ಬಿಯ ಒಳಗಿನ ತಂತ್ರಾಂಶವನ್ನು ಹೊಸದಾಗಿಸಬೇಕು. ತಯಾರಕರು ಆಗಿಂದಾಗ್ಗೆ ದೋಷಗಳನ್ನು ತಿದ್ದಿ ಹೊಸ ಆವೃತ್ತಿಯನ್ನು ಕೊಡುತ್ತಾರೆ. ತಾನಾಗಿ ಹೊಸದಾಗುವ ಅನುಕೂಲವಿದ್ದರೆ ಅದನ್ನು ತೆರೆದಿಡಬೇಕು. ತಯಾರಕರೇ ಕೈಬಿಟ್ಟಿರುವ ಹಳೆಯ ಡಬ್ಬಿಯಾದರೆ ಅದನ್ನು ಬದಲಿಸುವುದೇ ಮಾರ್ಗ. ಇದೊಂದೇ ಸಂದರ್ಭದಲ್ಲಿ ಖರ್ಚು ತಪ್ಪದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಡಬ್ಬಿಯನ್ನು ಆರಿಸಿ ಹಾಕಿದರೆ ಮಿರಾಯ್‌ನಂಥ ಕೆಲವು ತಂತ್ರಾಂಶಗಳು ಅಳಿಸಿಹೋಗುತ್ತವೆ. ಆದರೆ ಪಾಸ್‌ವರ್ಡ್ ಹಳೆಯದೇ ಆಗಿದ್ದರೆ ಅವು ಮತ್ತೆ ಬಂದು ಸೇರುತ್ತವೆ. ಇನ್ನು ಕೆಲವರು ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ಡಬ್ಬಿಯನ್ನು ಮೂಲಸ್ಥಿತಿಗೆ ತರುತ್ತಾರೆ. ಹಾಗೆ ಮಾಡಿದರೆ ಕಾರ್ಖಾನೆಯ ಪಾಸ್‌ವರ್ಡೇ ಮರಳಿ ಬರುತ್ತದೆ, ಎಷ್ಟೋ ಬಾರಿ ಸಂಪರ್ಕದ ವಿವರಗಳೂ ಅಳಿಸಿಹೋಗುತ್ತವೆ. ಆದ್ದರಿಂದ ಸಂಪರ್ಕ ಕೊಟ್ಟವರ ನೆರವಿಲ್ಲದೆ ಅದಕ್ಕೆ ಕೈಹಾಕಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಮೋಸ ನಡೆದು ಹಣ ಹೋದರೆ ತಡಮಾಡದೆ 1930 ಎಂಬ ಸಂಖ್ಯೆಗೆ ಕರೆಮಾಡಬೇಕು. ದೂರು ಬೇಗ ತಲುಪಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಹಾಸನದಲ್ಲಿ ಸೈಬರ್ ಅಪರಾಧಗಳಿಗಾಗಿ ಸಿ.ಇ.ಎನ್. ಪೊಲೀಸ್ ಠಾಣೆಯಿದೆ. ಕೇಂದ್ರ ಸರ್ಕಾರವು 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಸೋಂಕು ತೆಗೆಯುವ ಉಚಿತ ಸಾಧನಗಳನ್ನು ಒದಗಿಸುತ್ತದೆ.

ಹೊಣೆಯೆಲ್ಲವೂ ಗೃಹಸ್ಥರದ್ದೇ ಎಂದು ನಾವು ಹೇಳುತ್ತಿಲ್ಲ. ಎಲ್ಲ ಡಬ್ಬಿಗಳಿಗೂ ಒಂದೇ ಕೀಲಿಯನ್ನು ಇಟ್ಟು ಮಾರಿದವರ ತಪ್ಪೂ ಸಣ್ಣದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2020ರ ಜನವರಿ 1ರಿಂದಲೂ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದಲೂ ಇಂಥ ಸಾಮಾನ್ಯ ಪಾಸ್‌ವರ್ಡುಗಳಿಗೆ ಕಾನೂನು ತಡೆಯೊಡ್ಡಿದೆ. ಆದರೆ ಕಾನೂನು ತಲುಪುವ ಮೊದಲೇ ಮನೆಗೆ ಬಂದು ಕುಳಿತಿರುವ ಡಬ್ಬಿಗೆ ಮನೆಯವರೇ ದಿಕ್ಕು.

ದಾಸೋಹದ ಮನೆಗೆ ಬೀಗವೇ?

ಒಂದು ಸಂದೇಹ ನಮ್ಮ ಓದುಗರಲ್ಲಿ ಮೂಡಬಹುದು. ಹಂಚಿ ಉಣ್ಣುವುದನ್ನು ಧರ್ಮವೆಂದು ನಂಬಿದವರು ನಾವು. ಹುಣ್ಣಿಮೆಗೆ ಜೇನುಕಲ್ಲು ಸಿದ್ಧೇಶ್ವರ ಬೆಟ್ಟಕ್ಕೆ ಬಂದ ದೂರದ ಬಂಧುಗಳು ಮನೆಯಲ್ಲಿ ತಂಗುತ್ತಾರೆ, ಜಂಗಮಮೂರ್ತಿಗಳು ಬರುತ್ತಾರೆ, ಪಕ್ಕದ ಮನೆಯ ಬಡ ವಿದ್ಯಾರ್ಥಿ ಪರೀಕ್ಷೆಯ ಅರ್ಜಿ ತುಂಬಲು ವೈಫೈ ಕೇಳುತ್ತಾನೆ. ಇವರಿಗೆ ಬಾಗಿಲು ಮುಚ್ಚುವುದು ತರವೇ?

ಕಲ್ಯಾಣದ ಮಹಾಮನೆಯನ್ನು ನೆನೆಯೋಣ. ಬಸವಣ್ಣನವರು ತಮ್ಮ ಮನೆಯ ಬಾಗಿಲನ್ನು ಬಂದವರಿಗೆಲ್ಲ ತೆರೆದಿಟ್ಟವರು. ಅದೇ ಬಸವಣ್ಣನವರು ಬಿಜ್ಜಳನ ಭಂಡಾರಿಗಳೂ ಆಗಿದ್ದರು. ಪ್ರಸಾದದ ಪಂಕ್ತಿಗೆ ತಡೆಯಿರಲಿಲ್ಲವೆಂದು ಭಂಡಾರದ ಕೀಲಿಯನ್ನು ಬೀದಿಯಲ್ಲಿಟ್ಟವರಲ್ಲ ಅವರು. ಕೊಡುವುದು ದಾಸೋಹ; ಕಾಯುವುದು ಕಾಯಕ. ಒಂದು ಇನ್ನೊಂದಕ್ಕೆ ವಿರೋಧವಲ್ಲ. ಬೀಗವಿಲ್ಲದೆ ಬಿಟ್ಟ ಡಬ್ಬಿಯಿಂದ ಉಪಕಾರವಾಗುವುದು ಪಕ್ಕದ ಮನೆಯ ವಿದ್ಯಾರ್ಥಿಗಿಂತ ಹೆಚ್ಚಾಗಿ ಹೆಸರೂ ಮುಖವೂ ಇಲ್ಲದ ದುಷ್ಟನಿಗೆ. ಅತಿಥಿಜಾಲವನ್ನು ಏರ್ಪಡಿಸಿ, ಆ ಹುಡುಗನನ್ನು ಒಳಗೆ ಕರೆದು ಕೂರಿಸಿ, ಪಾಸ್‌ವರ್ಡನ್ನು ನಾವೇ ಒತ್ತಿಕೊಟ್ಟರೆ ದಾಸೋಹವೂ ಉಳಿಯಿತು, ಕಾವಲೂ ಉಳಿಯಿತು.

ಕಡೆಯದಾಗಿ ಹಿರಿಯರಲ್ಲಿ ಒಂದು ವಿನಂತಿ. ಈ ಕೆಲಸವನ್ನು ‘ಹುಡುಗರಿಗೆ ಗೊತ್ತು’ ಎಂದು ಬಿಟ್ಟುಬಿಡಬೇಡಿರಿ. ಓದಿಗೋ ಉದ್ಯೋಗಕ್ಕೋ ಹುಡುಗರು ಬೆಂಗಳೂರು ಸೇರುತ್ತಾರೆ. ಡಬ್ಬಿ ಇಲ್ಲೇ ಉಳಿಯುತ್ತದೆ. ಮಕ್ಕಳು ಊರಿಗೆ ಬಂದ ಒಂದು ಸಂಜೆ, ಪೂಜೆ ಪ್ರಸಾದಗಳು ಮುಗಿದ ಮೇಲೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಕಲಿತು ಬದಲಿಸಿರಿ. ಮನೆಯ ಹೆಣ್ಣುಮಕ್ಕಳಿಗೂ ಎರಡೂ ಬೀಗಗಳ ಗುಟ್ಟು ತಿಳಿದಿರಲಿ. ನಮ್ಮ ಮನೆಯಲ್ಲಿ ಅಂದು ಎಚ್ಚರವಾಗಿದ್ದವರು ಅವರೇ ಎಂಬುದನ್ನು ನಾವು ಮರೆಯಲಾರೆವು. ಈಗ ರಾತ್ರಿ ಹಿತ್ತಿಲ ಅಗುಳಿಯನ್ನು ಮುಟ್ಟಿ ನೋಡಿ ಬರುವಾಗ, ಆ ಮೂಲೆಯ ಹಸಿರು ದೀಪದ ಕಡೆಗೂ ನಮ್ಮ ದೃಷ್ಟಿ ಒಮ್ಮೆ ಹೊರಳುತ್ತದೆ.